ಹಂಚಿನ ಕಾವು ಗೊತ್ತಾಗಂಗಿಲ್ಲ ಅಂತಾಳ ನಮ್ಮಕ್ಕ. ಕಿಯಾರಿ, ಸಿರಿಂಕ್ಸ್ ಅಂದ್ರ ಏನ್ರಿ? ಆಪರೇಷನ್ ಮಾಡಸ್ಲೇಬೇಕಾ?

ರೊಟ್ಟಿಬುತ್ತಿ

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಕ್ಕೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮಕ್ಕಗ 38 ವರ್ಷ. ಹಾವೇರಿ ಹತ್ರ ಸಣ್ಣ ಖಾನಾವಳಿ ಐತಿ, ದಿನಾ ಇನ್ನೂರು ರೊಟ್ಟಿ ಬಡೀತಾಳ. ಎರಡು ವರ್ಷದಿಂದ ಆಕಿ ಬಲಗೈ ಬೆರಳಿನ ಮ್ಯಾಲೆ ಒಂದಿಲ್ಲೊಂದು ಸುಟ್ಟ ಬೊಬ್ಬಿ. "ಯಾವಾಗ ಸುಟ್ಕೊಂಡಿ?" ಅಂದ್ರ "ಗೊತ್ತಿಲ್ಲೋ ತಮ್ಮಾ" ಅಂತಾಳ. ರೊಟ್ಟಿ ಬಡದು ಬಡದು ಕೈ ಗಟ್ಟಿ ಆಗ್ಯಾವು ಅಂತ ನಾವೂ ಸುಮ್ನಿದ್ವಿ. ಹೋದ ದೀಪಾವಳಿಗೆ ಕುದಿಯೋ ಚಾ ತುಂಬಿದ ಸ್ಟೀಲ್ ಲೋಟ ಮುಷ್ಟಿಯಾಗ ಹಿಡ್ಕೊಂಡು ನನ್ನ ಜೋಡಿ ಮಾತಾಡ್ಕೋತ ನಿಂತಿದ್ಲು. ನಾ ಇಸ್ಕೊಂಡೆ, ನನ್ನ ಕೈ ಚುರ್ ಅಂತು, ಲೋಟ ಕೈ ಬಿಟ್ಟೆ, ಚಾ ಎಲ್ಲಾ ನೆಲಕ್ಕ. ಆಕಿ ಅಂಗೈ ನೋಡಿದ್ರ ಕೆಂಪಗ ಆಗೇತಿ. ಆವಾಗ ನನಗ ಹೆದರಿಕಿ ಆತು.

ಇನ್ನೊಂದು, ಕೆಮ್ಮಿದ್ರ, ಸೀನಿದ್ರ, ನೀರಿನ ಕೊಡ ಎತ್ತಿದ್ರ ಹಿಂದಲಿ ಒಡದಂಗ ಆಕ್ಕೈತಂತ. ಒಂದು ನಿಮಿಷ ಇರ್ತೈತಿ, ಹೊಕ್ಕೈತಿ. ಮೊದಲ್ನೇ ಡಾಕ್ಟರು ಕುತ್ತಿಗಿ ಎಲುಬು ಸವದೈತಿ ಅಂತ ಪಟ್ಟಿ ಕೊಟ್ರು. ಎರಡನೇದವರು ಮೈಗ್ರೇನ್ ಗುಳಿಗಿ. ಮೂರನೇ ಕಡೆ ಕೈ ನೋಡಿ ಕುಷ್ಠ ಇರಬಹುದು ಅಂದ್ರು. ಆ ಮಾತು ಓಣಿಗೆ ಹೆಂಗ ಮುಟ್ಟಿತೋ ದೇವರಿಗೇ ಗೊತ್ತು, ಹದಿನೈದು ದಿನದಾಗ ಗಿರಾಕಿ ಅರ್ಧ ಆದ್ರು. ಪರೀಕ್ಷೆ ಮಾಡಿದ್ರ ಅದಿಲ್ಲ. ಕಡೀಕ ಹುಬ್ಬಳ್ಳಿಯಾಗ ಎಂಆರ್‌ಐ ಆತು. ರಿಪೋರ್ಟಿನಾಗ ಹಿಂಗೈತಿ: "ಕಿಯಾರಿ ಒಂದನೇ ತರ, ಸೆರೆಬೆಲ್ಲರ್ ಟಾನ್ಸಿಲ್ 11 ಮಿ.ಮೀ. ಕೆಳಗೆ, ಸಿ3ರಿಂದ ಡಿ6ವರೆಗೆ ಸಿರಿಂಕ್ಸ್." ನ್ಯೂರೋ ಸರ್ಜನ್ ಆಪರೇಷನ್ ಅಂದ್ರು.

ಮಾಮಾ ಒಪ್ಪವಲ್ಲ. "ಮೆದುಳಿಗೆ ಕೈ ಹಾಕಿದ್ರ ಮನುಷ್ಯಾ ಉಳದ್ರೂ ಉಳದಂಗಲ್ಲ, ಎಣ್ಣಿ ತಿಕ್ಕೋರು ಒಬ್ರು ಅದಾರ, ಅಲ್ಲಿ ತೋರಸೋಣು" ಅಂತಾನ. ಯಾರಿಗಾದ್ರೂ ಇದು ಆಗಿದ್ರ ಹೇಳ್ರಿ.

ಬಸ್‌ಪಾಸ್

ಟಾನ್ಸಿಲ್ ಗಂಟಲಲ್ಲಿ ಇರೋದಲ್ವಾ? ನಮ್ಮ ಮಗನಿಗೆ ತೆಗೆಸಿದ್ವಿ. ಐಸ್‌ಕ್ರೀಮ್ ತಿನ್ಸಿ ಅಂದ್ರು, ಮೂರನೇ ದಿನಕ್ಕೆ ಕ್ರಿಕೆಟ್ ಆಡ್ತಿದ್ದ. ಇಷ್ಟಕ್ಕೆ ಹೆದರಬೇಡಿ ಸರ್.

ಮೈಸೂರು ಟೀಚರ್

@ಬಸ್‌ಪಾಸ್ ಅವರೇ, ಆ ಟಾನ್ಸಿಲ್ ಬೇರೆ, ಈ ಟಾನ್ಸಿಲ್ ಬೇರೆ. ಇದು ಹಿಮ್ಮೆದುಳಿನ ಕೆಳತುದಿ. ಗಂಟಲಿಂದರ ಹಾಗೆ ಎರಡು ಉಂಡೆ ನೇತಾಡೋ ಥರ ಕಾಣುತ್ತೆ ಅಂತ ಅದೇ ಹೆಸರಿಟ್ಟಿದಾರೆ. ನಿಮ್ಮನ್ನ ಬಯ್ಯಲ್ಲ, ನಮ್ಮತ್ತೆ ಇಡೀ ಬಡಾವಣೆಗೆ "ಸೊಸೆಗೆ ಗಂಟಲು ಆಪರೇಷನ್" ಅಂತ ಹೇಳ್ಕೊಂಡು ಬಂದಿದ್ರು.

ರೊಟ್ಟಿಬುತ್ತಿಯವರೇ, 2017ರಲ್ಲಿ ನನಗೂ ಇದೇ ಆಪರೇಷನ್ ಆಗಿದೆ. ಈಗ ದಿನಾ ಐದು ಪೀರಿಯಡ್ ಪಾಠ ಮಾಡ್ತೀನಿ. ನಿಮ್ಮ ಮಾವನಿಗೆ ಇದನ್ನ ಓದಿ ಹೇಳಿ.

ನನಗೂ ಶುರುವಾಗಿದ್ದು ಕೆಮ್ಮಿದಾಗ ಬರೋ ತಲೆನೋವಿಂದಾನೇ. ಕ್ಲಾಸಲ್ಲಿ ಜೋರಾಗಿ ನಕ್ಕರೂ ಬರೋದು. ನಗೋದೇ ಬಿಟ್ಟೆ, ಮಕ್ಕಳು ಮಿಸ್ ಸಿಡುಕಿ ಆಗಿದಾರೆ ಅಂದ್ಕೊಂಡ್ರು. ಆಮೇಲೆ ಸ್ನಾನದ ನೀರು ಎಡಗೈಗೆ ತಣ್ಣಗೆ, ಬಲಗೈಗೆ ಬಿಸಿ ಅನ್ನಿಸೋಕೆ ಶುರುವಾಯ್ತು. ಒಂದೇ ಬಕೆಟ್ಟು! ಗೀಸರ್ ಕೆಟ್ಟಿದೆ ಅಂತ ಯಜಮಾನರ ಹತ್ರ ಜಗಳ ಆಡಿದೀನಿ.

ಜೂನಿಯರ್ ಕತ್ತರಿ

ನ್ಯೂರೋ ಸರ್ಜರಿಯಲ್ಲಿ ರೆಸಿಡೆಂಟ್ ಆಗಿದೀನಿ. ಇಲ್ಲಿ ಯಾರಿಗೂ ಟ್ರೀಟ್‌ಮೆಂಟ್ ಹೇಳಲ್ಲ, ವಿಷಯ ಮಾತ್ರ ಹೇಳ್ತೀನಿ.

ತಲೆಬುರುಡೆ ಕೆಳಗಡೆ ಒಂದು ದೊಡ್ಡ ತೂತು ಇದೆ, ಮೆದುಳು ಮುಗಿದು ಬೆನ್ನುಹುರಿ ಶುರುವಾಗೋ ಜಾಗ. ನಮ್ಮ ಮೈಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ಮೆದುಳುನೀರು ತಯಾರಾಗುತ್ತೆ. ಒಂದು ಹೊತ್ತಿಗೆ ಇರೋದು 150 ಎಂಎಲ್ ಆಸುಪಾಸು. ಹೃದಯದ ಪ್ರತಿ ಬಡಿತಕ್ಕೂ ಅದು ಆ ತೂತಿನಲ್ಲಿ ಕೆಳಗೆ ಮೇಲೆ ಓಡಾಡ್ತಾ ಇರುತ್ತೆ. ಹಿಮ್ಮೆದುಳಿನ ತುದಿ ಕೆಳಗಿಳಿದು ಅಲ್ಲಿ ಬೆಣೆ ಹೊಡೆದ ಹಾಗೆ ಕೂತರೆ ಓಡಾಟಕ್ಕೆ ತಡೆ. ಹಾಗೆ ಇಳಿಯೋದಕ್ಕೇ ಕಿಯಾರಿ ಅನ್ನೋದು. ಕೆಮ್ಮಿದಾಗ ಒತ್ತಡ ಏರುತ್ತೆ, ನೀರಿಗೆ ಹೋಗೋ ದಾರಿ ಇಲ್ಲ, ಅದಕ್ಕೇ ಹಿಂದಲೆ ಸಿಡಿಯೋದು. ವರ್ಷಗಟ್ಟಲೆ ಹೀಗೇ ಇದ್ರೆ ಕೆಲವರಲ್ಲಿ ಬೆನ್ನುಹುರಿ ಒಳಗೇ ನೀರು ಸೇರಿ ಕೊಳವೆ ಆಗುತ್ತೆ. ಅದೇ ಸಿರಿಂಕ್ಸ್.

ಕೈ ಸುಡೋದು ಯಾಕೆ ಗೊತ್ತಾಗಲ್ಲ ಅಂದ್ರೆ, ನೋವು ಮತ್ತೆ ಬಿಸಿ-ತಣ್ಣಗಿನ ಸುದ್ದಿ ಹೊತ್ತ ನರತಂತುಗಳು ಬೆನ್ನುಹುರಿಯ ನಡುಮಧ್ಯೆ ಈ ಕಡೆಯಿಂದ ಆ ಕಡೆಗೆ ದಾಟುತ್ತವೆ. ಕೊಳವೆ ಹಿಗ್ಗೋದೂ ಅಲ್ಲೇ, ಮೊದಲು ಹೋಗೋದು ಅವೇ. ಮುಟ್ಟಿದ್ದು ಗೊತ್ತಾಗೋ ತಂತುಗಳು ಹಿಂಭಾಗದಲ್ಲಿ ಹೋಗ್ತವೆ, ಬಚಾವಾಗ್ತವೆ. ಅದಕ್ಕೇ ನಿಮ್ಮಕ್ಕನಿಗೆ ಹಿಟ್ಟು ನಾದೋದು ಗೊತ್ತಾಗುತ್ತೆ, ಹಂಚಿನ ಕಾವು ಗೊತ್ತಾಗಲ್ಲ.

ಕುಷ್ಠ ಅಂದ ಡಾಕ್ಟರನ್ನ ಪೂರ್ತಿ ಬಯ್ಯಬೇಡಿ. ನೋವಿಲ್ಲದ ಸುಟ್ಟಗಾಯ, ಬೆರಳು ಮಡಚಿಕೊಳ್ಳೋದು ಎರಡರಲ್ಲೂ ಇದೆ. ಕುಷ್ಠದಲ್ಲಿ ಚರ್ಮದ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇರುತ್ತೆ, ಮೊಣಕೈ ಹತ್ರ ನರ ಹಗ್ಗದ ಥರ ದಪ್ಪ ಆಗಿರುತ್ತೆ. ಅದನ್ನ ಮುಟ್ಟಿ ನೋಡಬೇಕಿತ್ತು, ಅಷ್ಟೆ.

ಒಂದು ಪ್ರಶ್ನೆ: ಅಕ್ಕನ ಕತ್ತು ಗಿಡ್ಡ ಇದೆಯಾ? ಹಿಂದಿನ ಕೂದಲು ತೀರಾ ಕೆಳಗಿನವರೆಗೆ ಬಂದಿದೆಯಾ? ಕತ್ತು ಬಗ್ಗಿಸಿ, ಎತ್ತಿ ಎಕ್ಸ್‌ರೇ ತೆಗೆದ್ರಾ? ಸಿಟಿ ಸ್ಕ್ಯಾನ್ ಆಯ್ತಾ?

ತರಲೆ ತಾತ

ಚಿಯಾರಿ ಅಂತ ಹೆಸರಲ್ಲೇ ಚಿಯಾ ಇದೆ, ಚಾ ಚೆಲ್ಲದೆ ಇರುತ್ತಾ.

ಜೂನಿಯರ್ ಕತ್ತರಿ

ತಾತ, ಅದು ಕಿಯಾರಿ. ಹಾನ್ಸ್ ಕಿಯಾರಿ, ಪ್ರಾಗ್‌ನಲ್ಲಿದ್ದ ಪೆಥಾಲಜಿಸ್ಟ್. 1891ರಲ್ಲಿ ಬರೆದದ್ದು, ಅದೂ ಸತ್ತವರ ಮೆದುಳು ಕೊಯ್ದು ನೋಡಿ. ಬದುಕಿರೋವಾಗಲೇ ಸಲೀಸಾಗಿ ಕಾಣೋ ಹಾಗೆ ಆಗಿದ್ದು ಎಂಆರ್‌ಐ ಬಂದ ಮೇಲೆ.

ನಿವೃತ್ತ ಸಿಸ್ಟರ್

ಎಂಆರ್‌ಐ ಬರೋ ಮುಂಚೆ ನಾವು ಪಟ್ಟ ಪಾಡು ನಿಮಗೇನು ಗೊತ್ತು ಮಕ್ಕಳಾ. ಬೆನ್ನಿಗೆ ಸೂಜಿ ಚುಚ್ಚಿ ಬಣ್ಣದ ಔಷಧಿ ಬಿಟ್ಟು, ರೋಗೀನ ಮೇಜಿಗೆ ಪಟ್ಟಿ ಹಾಕಿ ಬಿಗಿದು, ತಲೆ ಕೆಳಗೆ ಕಾಲು ಮೇಲೆ ಮಾಡಿ ಮೇಜನ್ನೇ ಓರೆ ಮಾಡ್ತಿದ್ರು, ಬಣ್ಣ ಕತ್ತಿನವರೆಗೆ ಇಳಿಯಲಿ ಅಂತ. ಮೈಲೋಗ್ರಾಮ್ ಅಂತ. ಒಬ್ಬ ಲಾರಿ ಡ್ರೈವರ್ ಆ ಮೇಜಿನ ಮೇಲೆ ನೇತಾಡ್ತಾ ನನ್ನ ಕೈ ಹಿಡ್ಕೊಂಡು "ಸಿಸ್ಟರೇ, ಘಾಟಿಯಲ್ಲೂ ಇಷ್ಟು ಹೆದರಿಲ್ಲ" ಅಂದಿದ್ದ. ಮಾರನೇ ದಿನ ಎಲ್ಲರಿಗೂ ತಲೆನೋವು. ಈಗ ಗುಹೆಯಂಥ ಮಿಷನ್ನಿನಲ್ಲಿ ಅರ್ಧ ಗಂಟೆ ಮಲಗೋಕೆ ಅಳ್ತೀರಿ.

ಸುಮ್ನೆ ಇರಿ

ಎಲ್ಲಾ ಸರಿ, ನಾನೊಂದು ಹೇಳ್ತೀನಿ, ಯಾರೂ ಮೈಮೇಲೆ ಬೀಳ್ಬೇಡಿ. ಸ್ಕೂಟರಿಂದ ಬಿದ್ದು ಎಂಆರ್‌ಐ ಮಾಡಿಸಿದಾಗ ನನಗೂ 6 ಮಿ.ಮೀ. ಕಿಯಾರಿ ಅಂತ ಬಂತು. ಒಂದು ದೊಡ್ಡ ಆಸ್ಪತ್ರೆಯಲ್ಲಿ "ಮುಂದಿನ ವಾರವೇ ಆಪರೇಷನ್, ಅಡ್ವಾನ್ಸ್ ಕಟ್ಟಿ" ಅಂದ್ರು. ಬೇರೆ ಕಡೆ ಹೋದೆ. ಅವರು ಸಿಡಿ ನೋಡಿ, ಸುತ್ತಿಗೆಯಲ್ಲಿ ಮಂಡಿ ತಟ್ಟಿ, "ಹೋಗಿ ಕೆಲಸ ನೋಡ್ಕೊಳ್ಳಿ" ಅಂದ್ರು. ಐದು ವರ್ಷ ಆಯ್ತು, ಏನೂ ಆಗಿಲ್ಲ. ಹೆದರಿಸೋರು ಜಾಸ್ತಿ ಆಗಿದಾರೆ.

ಜೂನಿಯರ್ ಕತ್ತರಿ

ನಿಮ್ಮ ಎರಡನೇ ಡಾಕ್ಟರು ಸರಿ. ತೊಂದರೆ ಏನೂ ಇಲ್ಲ, ಸಿರಿಂಕ್ಸ್ ಇಲ್ಲ ಅಂದ್ರೆ ಕತ್ತರಿ ಹಾಕೋ ಅವಶ್ಯಕತೆ ಇಲ್ಲ, ನೋಡ್ತಾ ಇದ್ರೆ ಸಾಕು. 5 ಮಿ.ಮೀ. ಇಳಿದ್ರೆ ಕಿಯಾರಿ ಅನ್ನೋದು ರೂಢಿಗೆ ಹಾಕ್ಕೊಂಡ ಗೆರೆ. 14 ಇದ್ದೂ ಹಾಯಾಗಿರೋರು ಇದಾರೆ, 4ಕ್ಕೇ ಒದ್ದಾಡೋರೂ ಇದಾರೆ. ಆದರೆ ನಿಮ್ಮ ಕಥೆ ಅಕ್ಕನಿಗೆ ಅನ್ವಯ ಆಗಲ್ಲ. ಅವರಿಗೆ ಕೊಳವೆ ಎದೆಮಟ್ಟದ ತನಕ ಇಳಿದಿದೆ, ಸಂವೇದನೆ ಹೋಗಿದೆ. ಹೋದ ನರ ವಾಪಸ್ ಬರೋದು ಕಷ್ಟ. ಕಾಯ್ತಾ ಕೂತ್ರೆ ನಷ್ಟ ಅವರಿಗೇ.

ರೊಟ್ಟಿಬುತ್ತಿ

ಡಾಕ್ಟ್ರೇ, ಕುತ್ತಿಗಿ ಸರಳ ಐತ್ರಿ, ಕೂದ್ಲೂ ಎಲ್ಲಾರಂಗ. ಎಕ್ಸ್‌ರೇ ಬಗ್ಗಿಸಿ ತಗದಿಲ್ಲ, ನೆಟ್ಟಗೆ ತಗದಾರ. ಸಿಟಿ ಆಗಿಲ್ಲ. ಯಾಕ್ ಕೇಳಿದ್ರಿ?

ಮತ್ತ ಎಣ್ಣಿ ತಿಕ್ಕೋರು ಕುತ್ತಿಗಿ ಜಗ್ಗತಾರಂತ. "ನೀರು ಇಳಿಸಿ ಕೊಡ್ತೀನಿ" ಅಂದಾರ.

ಕಡಲತಡಿ

ಅಯ್ಯೋ ಮಾರಾಯ್ರೆ, ಕುತ್ತಿಗೆಗೆ ಮಾತ್ರ ಕೈ ಹಾಕಿಸಬೇಡಿ! ನಮ್ಮ ಚಿಕ್ಕಪ್ಪ ಕ್ಷೌರಕ್ಕೆ ಹೋದಾಗೆಲ್ಲ ಕೊನೆಗೆ ತಲೆ ತಿರುಚಿ ನೆಟಿಗೆ ತೆಗೆಸಿಕೊಳ್ಳುತ್ತಿದ್ದರು. ಹತ್ತು ರೂಪಾಯಿ ಜಾಸ್ತಿ ಕೊಟ್ಟು! ಒಂದು ದಿನ ಕಟ್ ಅಂತ ಶಬ್ದ ಬಂತು, ಕುರ್ಚಿಯಿಂದ ಏಳುವಾಗ ಕೈಕಾಲು ಮರಗಟ್ಟಿದ ಹಾಗೆ ಆಯಿತು. ಮತ್ತೆ ನೋಡಿದರೆ ಹುಟ್ಟಿನಿಂದಲೇ ಅವರ ಕತ್ತಿನ ಮೊದಲನೇ ಎರಡನೇ ಎಲುಬಿನ ಜೋಡಣೆ ಸಡಿಲ ಇತ್ತಂತೆ. ಸ್ಕ್ರೂ ಹಾಕಿದರು. ಈಗ ಹಿಂದೆ ನೋಡಬೇಕಾದರೆ ಭುಜ ಸಮೇತ ತಿರುಗುತ್ತಾರೆ, ಗುಬ್ಬಚ್ಚಿ ಬದಲು ಎತ್ತಿನ ಗಾಡಿ.

ಜೂನಿಯರ್ ಕತ್ತರಿ

ಅದಕ್ಕೇ ಕೇಳಿದ್ದು. ನಮ್ಮ ಕಡೆ ಆ ಸಡಿಲ ಜೋಡಣೆ ಕಡಿಮೆ ಏನಿಲ್ಲ. ಕೆಲವರಲ್ಲಿ ಕಿಯಾರಿ ಜೊತೆಗೇ ಬರುತ್ತೆ. ಇದ್ರೆ ಮೊದಲು ಎಲುಬು ಭದ್ರ ಮಾಡಬೇಕು, ಸುಮ್ನೆ ಬುರುಡೆ ಹಿಂದೆ ತೆರೆದ್ರೆ ಇನ್ನೂ ಹದಗೆಡುತ್ತೆ. ಬಗ್ಗಿಸಿ-ಎತ್ತಿ ಎಕ್ಸ್‌ರೇ, ಸಿಟಿ ಎರಡನ್ನೂ ಮಾಡ್ಸಿ ಅಂತ ನಿಮ್ಮ ಸರ್ಜನ್ ಹತ್ರ ನೀವೇ ಕೇಳಿ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಕತ್ತು ಜಗ್ಗೋದು ಬೇಡವೇ ಬೇಡ. ಹುರಿ ಒಳಗಿನ ನೀರು ಎಣ್ಣೆಗೆ ಇಳಿಯಲ್ಲ.

ಎರಡನೇ ಅಭಿಪ್ರಾಯ

ಇಲ್ಲಿ ಯಾರೂ ಹೇಳದ ಮಾತು ಒಂದಿದೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೀರ್ಘಕಾಲ ಇದ್ದ ಡಾ. ಅತುಲ್ ಗೋಯಲ್ ಪ್ರಕಾರ ಕಿಯಾರಿ ಅನ್ನೋದು ರೋಗವೇ ಅಲ್ಲ, ಮೊದಲೆರಡು ಎಲುಬಿನ ಕಣ್ಣಿಗೆ ಕಾಣದ ಅಸ್ಥಿರತೆಗೆ ದೇಹ ಮಾಡಿಕೊಂಡ ಉಪಾಯ. ಆದ್ದರಿಂದ ಬುರುಡೆ ಕೊರೆಯೋದೇ ಬೇಡ, ಎಲ್ಲರಿಗೂ ಎಲುಬು ಸ್ಥಿರಗೊಳಿಸಿ ಅಂತಾರೆ. 2015ರಲ್ಲಿ 65 ರೋಗಿಗಳ ಫಲಿತಾಂಶ ಪ್ರಕಟಿಸಿದ್ದಾರೆ. ನೂರು ವರ್ಷದ ಹಳೇ ಪಾಠವನ್ನೇ ಒಪ್ಪಿಸಬೇಡಿ ಡಾಕ್ಟರ್.

ಜೂನಿಯರ್ ಕತ್ತರಿ

ಗೋಯಲ್ ಸರ್ ಬಗ್ಗೆ ಗೌರವ ಇದೆ. ಮೊದಲೆರಡು ಎಲುಬನ್ನ ಪ್ಲೇಟು-ಸ್ಕ್ರೂ ಹಾಕಿ ಕೂಡಿಸೋ ಅವರ ವಿಧಾನ 1994ರಲ್ಲಿ ಬಂತು, 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದಕ್ಕೆ ಬೇರೆ ಥರ ಸ್ಕ್ರೂ, ಸರಳು ಬಳಸಿದ್ರು. ಇವತ್ತು ಪ್ರಪಂಚದ ತುಂಬಾ ಆ ಇಬ್ಬರ ಹೆಸರು ಸೇರಿಸಿಯೇ ಹೇಳ್ತಾರೆ. ನಾನೂ ಅದನ್ನೇ ಕಲೀತಿರೋದು.

ಆದರೆ ಅಸ್ಥಿರತೆ ಎಲ್ಲೂ ಕಾಣದ ಕಿಯಾರಿಗೂ ಸ್ಕ್ರೂ ಹಾಕಿ ಅನ್ನೋದನ್ನ ಹೆಚ್ಚಿನ ಸರ್ಜನ್‌ಗಳು ಒಪ್ಪಿಲ್ಲ. ತಲೆ ಎಡಬಲ ತಿರುಗೋದರಲ್ಲಿ ಅರ್ಧದಷ್ಟು ಆ ಒಂದು ಜೋಡಣೆಯಿಂದಲೇ. ಕೂಡಿಸಿದ್ರೆ ಅದು ಹೋಯ್ತು. ಕಡಲತಡಿಯವರ ಚಿಕ್ಕಪ್ಪನ ಎತ್ತಿನ ಗಾಡಿ ನೆನಪಿದೆಯಲ್ಲ? ಚಿಕ್ಕಪ್ಪನಿಗೆ ಅದು ಪ್ರಾಣ ಉಳಿಸ್ತು, ಬೇಕಿತ್ತು. ಬೇಡದವರಿಗೆ ಯಾಕೆ?

ಎರಡನೇ ಅಭಿಪ್ರಾಯ

ಹೆಚ್ಚಿನವರು ಒಪ್ಪಿಲ್ಲ ಅನ್ನೋದು ಸಾಕ್ಷಿ ಅಲ್ಲ.

ಜೂನಿಯರ್ ಕತ್ತರಿ

65 ಜನವೂ ಕೊನೆ ಮಾತಲ್ಲ. ಡ್ಯೂಟಿ ಇದೆ, ರಾತ್ರಿ ಬರ್ತೀನಿ.

ಮಲೆನಾಡಮ್ಮ

ವಿಷಯ ಬೇರೆ ಕಡೆ ಎಳೀತಿದೀನಿ ಅಂತ ಬೈಬೇಡಿ, ಆದ್ರೆ ಕೈ ತೊಂದರೆ ಅಂದಕೂಡ್ಲೆ ಬರೀಲೇಬೇಕು ಅನ್ನಿಸ್ತು. ನಮ್ಮ ಹುಡುಗ, ಆಗ 18. ಚಳಿಗಾಲದ ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳೋಕಾಗ್ತಿರಲಿಲ್ಲ. ಬಿಸಿಲು ಬಂದ ಮೇಲೆ ಸರಿಹೋಗೋದು. ನಾನು ಕಾಲೇಜಿಗೆ ಚಕ್ಕರ್ ಹೊಡೆಯೋ ನಾಟಕ ಅಂತ ಬೈದಿದೀನಿ, ಈಗಲೂ ಹೊಟ್ಟೆ ಉರಿಯುತ್ತೆ. ಆಮೇಲೆ ನೋಡಿದ್ರೆ ಬಲಗೈ ಹೆಬ್ಬೆರಳಿನ ಬುಡ ಕುಳಿ ಬಿದ್ದಿದೆ, ಮೊಣಕೈ ಕೆಳಗೆ ಒಂದು ಪಕ್ಕ ಮಾತ್ರ ಇಳಿದುಹೋಗಿದೆ. ಮೊದಲು ತೋರಿಸಿದ ಕಡೆ ಎಎಲ್‌ಎಸ್ ಅಂದ್ರು. ಮನೆಗೆ ಬಂದು ಮೊಬೈಲಲ್ಲಿ ಎಎಲ್‌ಎಸ್ ಅಂದ್ರೇನು ನೋಡಿದೆ. ಮೈಯ ಬಲ ಎಲ್ಲ ಹೋಗ್ತಾ ಹೋಗ್ತಾ ಪ್ರಾಣಕ್ಕೇ ಬರೋ ನರದ ಕಾಯಿಲೆ ಅಂತಿತ್ತು. ಆ ರಾತ್ರಿ ಅಡಿಕೆ ಚಪ್ಪರದ ಕೆಳಗೆ ಒಬ್ಬಳೇ ಕೂತಿದ್ದೆ.

ಎಂಆರ್‌ಐ ನಾರ್ಮಲ್ ಬಂದಿತ್ತು. ಬೆಂಗಳೂರಲ್ಲಿ ಒಬ್ಬ ವಯಸ್ಸಾದ ಡಾಕ್ಟರು, ಗದ್ದ ಎದೆಗೆ ತಾಗೋ ಹಾಗೆ ಕತ್ತು ಬಗ್ಗಿಸಿ ಇನ್ನೊಂದ್ಸಲ ತೆಗೀರಿ ಅಂದ್ರು. ಅದರಲ್ಲಿ ಸಿಕ್ತು. ಕತ್ತು ಬಗ್ಗಿಸಿದಾಗ ಹುರಿಯ ಹಿಂದಿನ ಪೊರೆ ಮುಂದಕ್ಕೆ ಜರುಗಿ ಹುರಿಯನ್ನ ಒತ್ತುತ್ತೆ, ನೆಟ್ಟಗೆ ಮಲಗಿದ್ರೆ ಏನೂ ಕಾಣಲ್ಲ. ಹಿರಾಯಾಮ ಕಾಯಿಲೆ ಅಂತ ಹೆಸರು, 1959ರಲ್ಲಿ ಜಪಾನಿನವರು ಬರೆದದ್ದು. ಮೂರು ವರ್ಷ ಕತ್ತಿಗೆ ಕಾಲರ್ ಹಾಕಿಸಿದ್ರು. ನಿಂತಿದೆ. ಹೋದ ಮಾಂಸ ಬಂದಿಲ್ಲ, ಆದ್ರೆ ಇನ್ನೊಂದು ಕೈಗೆ ಹತ್ತಿಲ್ಲ. ನಿಲ್ಲದೆ ಇದ್ದಿದ್ರೆ ಆಪರೇಷನ್ ಅಂದಿದ್ರು.

ಜೂನಿಯರ್ ಕತ್ತರಿ

ಮಲೆನಾಡಮ್ಮ, ಇದನ್ನ ನೀವು ಬೇರೆ ಚರ್ಚೆಯಾಗಿ ಹಾಕಲೇಬೇಕು. ಹದಿನೈದರಿಂದ ಇಪ್ಪತ್ತೈದರ ಹುಡುಗರಲ್ಲೇ ಜಾಸ್ತಿ, ಏಷ್ಯಾದಲ್ಲಂತೂ ಇನ್ನೂ ಜಾಸ್ತಿ. ಒಂದು ಕೈ ಅಥವಾ ಒಂದು ಕಾಲು ಮಾತ್ರ ಸೊರಗೋ ಇಂಥ ರೋಗಿಗಳನ್ನ ನಮ್ಮ ನಿಮ್ಹಾನ್ಸ್‌ನವರೇ ಗುರುತಿಸಿ 1984ರಲ್ಲಿ ಮೊನೊಮೆಲಿಕ್ ಅಮಯೊಟ್ರೊಫಿ ಅಂತ ಹೆಸರಿಟ್ರು. ಕೆಲವು ವರ್ಷ ಏರಿ ಆಮೇಲೆ ತಾನೇ ನಿಲ್ಲೋದು ಇದರ ಸ್ವಭಾವ. ಎಎಲ್‌ಎಸ್ ಹಾಗಲ್ಲ. ನಿಮ್ಮ ಹಿರಿಯ ಡಾಕ್ಟರಿಗೆ ಒಂದು ನಮಸ್ಕಾರ.

ಬಸ್‌ಪಾಸ್

ನಮ್ಮ ಹುಡುಗ ದಿನಾ ಕತ್ತು ಬಗ್ಗಿಸ್ಕೊಂಡು ಮೊಬೈಲ್ ನೋಡ್ತಾನಲ್ಲ ಡಾಕ್ಟ್ರೇ, ಅವನಿಗೂ ಬರುತ್ತಾ?

ನಿವೃತ್ತ ಸಿಸ್ಟರ್

ಅದಕ್ಕೆ ಬೇರೆ ಔಷಧಿ ಇದೆ ಕಣಪ್ಪ. ಮೊಬೈಲ್ ಕಿತ್ತಿಡು.

ರೊಟ್ಟಿಬುತ್ತಿ

ಟೀಚರ್, ಆಪರೇಷನ್ ಹೆಂಗ ಮಾಡ್ತಾರ ಒಂದೀಟ ಬಿಡಿಸಿ ಹೇಳ್ರಿ. ಮಾಮಾಗ ಓದಿ ಹೇಳಬೇಕು. ಮತ್ತ ನಮ್ಮವ್ವಗ ಇನ್ನೊಂದು ಚಿಂತಿ, ತಲಿ ಪೂರ್ತಿ ಬೋಳಸ್ತಾರೇನು ಅಂತ.

ಮೈಸೂರು ಟೀಚರ್

ಅವ್ವನಿಗೆ ಹೇಳಿ, ಹಿಂದುಗಡೆ ಎರಡು ಬೆರಳಗಲದ ಪಟ್ಟಿ ಮಾತ್ರ ಬೋಳಿಸಿದ್ರು ನನಗೆ. ತುರುಬು ಕಟ್ಟಿದ್ರೆ ಗೊತ್ತೇ ಆಗಲ್ಲ.

ಮಲಗಿಸೋದು ಬೋರಲು. ತಲೇನ ಮೂರು ಮೊಳೆ ಇರೋ ಹಿಡಿಯಲ್ಲಿ ಕೂರಿಸ್ತಾರೆ, ನಮಗೆ ಆಗ ಪ್ರಜ್ಞೆ ಇರಲ್ಲ. ಹಣೆಯಲ್ಲಿ ಎರಡು ಚುಕ್ಕಿ ಗಾಯ ಕಂಡು ಆಮೇಲೆ ಕೇಳಿದ್ದಕ್ಕೆ ಹೇಳಿದ್ರು. ಬುರುಡೆಯ ಹಿಂದೆ ಕೆಳಗಡೆ ಮೂರು ಸೆಂಟಿಮೀಟರಿನಷ್ಟು ಮೂಳೆ ತೆಗೆದು, ಕತ್ತಿನ ಮೊದಲ ಎಲುಬಿನ ಹಿಂಬದಿ ಕಮಾನನ್ನೂ ತೆಗೀತಾರೆ. ಒಳಗಿನ ಗಟ್ಟಿ ಪೊರೆ ಸೀಳಿ, ಬಿಗಿಯಾದ ರವಿಕೆಗೆ ತೇಪೆ ಕೊಟ್ಟು ಸಡಿಲ ಮಾಡ್ತೀವಲ್ಲ, ಹಾಗೆ ತೇಪೆ ಹಾಕ್ತಾರೆ. ತೇಪೆಗೆ ನನ್ನ ಬುರುಡೆ ಮೇಲಿನ ಪೊರೆಯನ್ನೇ ತಗೊಂಡ್ರು, ಕೆಲವರಿಗೆ ತೊಡೆಯಿಂದ ತಗೋತಾರಂತೆ. ಮೆದುಳನ್ನ ಕತ್ತರಿಸಲ್ಲ, ಜಾಗ ಮಾಡಿಕೊಡ್ತಾರೆ. ಇದನ್ನ ನಿಮ್ಮ ಮಾವನಿಗೆ ಎರಡು ಸಲ ಓದಿ.

ಸುಳ್ಳು ಹೇಳಲ್ಲ, ಮೊದಲ ನಾಲ್ಕು ದಿನ ನರಕ. ಕತ್ತಿನ ಸ್ನಾಯು ಎಲ್ಲ ಬಿಡಿಸಿರ್ತಾರಲ್ಲ, ದಿಂಬಿಂದ ತಲೆ ಎತ್ತೋಕೆ ಇನ್ನೊಬ್ಬರ ಕೈ ಬೇಕು. ವಾಂತಿ ಬೇರೆ. ಆದ್ರೆ ಎಂಟನೇ ದಿನ ಮನೆಯಲ್ಲಿ ಒಗ್ಗರಣೆ ಘಾಟಿಗೆ ಕೆಮ್ಮು ಬಂತು. ಅಭ್ಯಾಸಬಲ, ಗೋಡೆ ಹಿಡ್ಕೊಂಡು ಕಣ್ಣು ಮುಚ್ಚಿದೆ. ಏನೂ ಆಗ್ಲಿಲ್ಲ. ಇನ್ನೊಂದ್ಸಲ ಬೇಕಂತಲೇ ಕೆಮ್ಮಿ ನೋಡಿದೆ.

ಎಡಗೈಯ ಬಿಸಿ-ತಣ್ಣಗು ಮಾತ್ರ ಪೂರ್ತಿ ಬರಲಿಲ್ಲ. ಈಗಲೂ ಸ್ನಾನದ ನೀರನ್ನ ಬಲಗೈಯಲ್ಲೇ ನೋಡೋದು.

ಜೂನಿಯರ್ ಕತ್ತರಿ

ಟೀಚರ್ ನಮ್ಮ ಪ್ರೊಫೆಸರ್‌ಗಿಂತ ಚೆನ್ನಾಗಿ ಹೇಳಿದಾರೆ. ಎರಡು ಮಾತು ಸೇರಿಸ್ತೀನಿ. ತೇಪೆಯಿಂದ ಮೆದುಳುನೀರು ಸೋರೋದು ಇದರಲ್ಲಿ ಆಗಾಗ ಕಾಣೋ ತೊಂದರೆ. ಗಾಯ ಒದ್ದೆಯಾದ್ರೆ, ಊದಿಕೊಂಡ್ರೆ, ಜ್ವರ ಬಂದ್ರೆ "ನಾಳೆ ನೋಡೋಣ" ಅನ್ನಬೇಡಿ. ಎರಡನೇದು, ಆಪರೇಷನ್ ಮಾಡೋದು ಮುಖ್ಯವಾಗಿ ಮುಂದೆ ಹದಗೆಡದೆ ಇರಲಿ ಅಂತ. ತಲೆನೋವು ಹೋಗುತ್ತೆ, ಕೊಳವೆ ತಿಂಗಳುಗಳಲ್ಲಿ ಕುಗ್ಗುತ್ತೆ. ಹೋದ ಬಿಸಿ-ನೋವಿನ ಅರಿವು ಎಷ್ಟು ಬರುತ್ತೆ ಅಂತ ಯಾರೂ ಮಾತು ಕೊಡಲ್ಲ.

ಕಡಲತಡಿ

ಖರ್ಚಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಬಿಪಿಎಲ್ ಕಾರ್ಡ್ ಉಂಟಾ? ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಎಪಿಎಲ್ ಆದರೆ ಪ್ಯಾಕೇಜಿನ ಶೇ 30, ವರ್ಷಕ್ಕೆ 1.5 ಲಕ್ಷ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. ಅದು ಇಲ್ಲದೆ ಸೀದಾ ಖಾಸಗಿಗೆ ಹೋಗಿ ಅಡ್ಮಿಟ್ ಆದರೆ ಆಮೇಲೆ ಅಲೆದಾಟ. ಬೆಂಗಳೂರಿಗೆ ಹೋಗುವುದಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತೋರಿಸಿ. ಬೆಳಿಗ್ಗೆ ಬೇಗ ಹೋಗಿ, ಹಳೇ ಕಾಗದ ಎಲ್ಲ ಒಂದು ಚೀಲದಲ್ಲಿ.

ಸುಮ್ನೆ ಇರಿ

ಚೀಲ ಬಸ್ಸಲ್ಲಿ ಬಿಟ್ಟು ಇಳೀಬೇಡಿ. ನಾನು ಬಿಟ್ಟಿದ್ದೆ.

ರೊಟ್ಟಿಬುತ್ತಿ

ಕೇಳಿದ್ವಿ. ಎಕ್ಸ್‌ರೇ, ಸಿಟಿ ಎರಡೂ ಆದವು, ಎಲುಬು ಭದ್ರ ಐತಂತ, ಸ್ಕ್ರೂ ಬ್ಯಾಡ ಅಂದ್ರು. ಅಲ್ಲೇ ಡಾಕ್ಟರು ಅಕ್ಕನ ಕಣ್ಣು ಮುಚ್ಚಸಿ ಒಂದು ಹತ್ತಿ ಎಳಿ ಸವರಿದ್ರು, "ಗೊತ್ತಾತ್ರಿ" ಅಂದ್ಲು. ಪಿನ್ನಿನ ಚೂಪು ತುದಿ ಒತ್ತಿದ್ರು, "ಅದ ಹತ್ತಿ ಅಲ್ಲೇನ್ರಿ?" ಅಂದ್ಲು. ಮಾಮಾ ಬಾಜೂಕ ನಿಂತು ನೋಡಾಕತ್ತಿದ್ದ. ಪಿನ್ ಇಸ್ಕೊಂಡು ತನ್ನ ಬೆರಳಿಗೆ ಚುಚ್ಕೊಂಡು ನೋಡಿದ. ಆಮ್ಯಾಲೆ ಎಣ್ಣಿ ಸುದ್ದಿ ತಗೀಲಿಲ್ಲ.

ಎರಡನೇ ಅಭಿಪ್ರಾಯ

ಸಿಟಿಯಲ್ಲಿ ಕಾಣಲಿಲ್ಲ ಅಂದ್ರೆ ಅಸ್ಥಿರತೆ ಇಲ್ಲ ಅಂತಲ್ಲ. ಇರಲಿ. ಒಳ್ಳೇದಾಗಲಿ ಅಕ್ಕನಿಗೆ.

ರೊಟ್ಟಿಬುತ್ತಿ

ಏಳು ವಾರ ಆದ ಮ್ಯಾಲೆ ಬರಿಯಾಕತ್ತೇನಿ, ತಡಾ ಆತು. ಆಪರೇಷನ್ ಆತು, ನಾಲ್ಕೂವರೆ ತಾಸು. ಆರನೇ ದಿನ ಗಾಯದಿಂದ ನೀರು ಒಸರಾಕ ಹತ್ತಿತ್ತು. ಡಾಕ್ಟ್ರು ಇಲ್ಲಿ ಬರದಿದ್ದು ನೆನಪಿತ್ತು, ರಾತ್ರಿ ಒಂದು ಗಂಟೆಗೆ ಸಿಸ್ಟರ್ ಕರದ್ವಿ. ಮ್ಯಾಲೆ ಎರಡು ಹೊಲಿಗಿ ಹಾಕಿದ್ರು, ನಿಂತ್ತು. ಕೆಮ್ಮಿನ ನೋವು ಇಲ್ಲ. ಬೆರಳಿಗೆ ಬಿಸಿ ಇನ್ನೂ ಗೊತ್ತಾಗಂಗಿಲ್ಲ. ಹಂಚಿನ ಕಡೆ ಹೋಗಬಾರದು ಅಂತ ತಾಕೀತು ಮಾಡೇವಿ, ಗಲ್ಲಾದ ಮ್ಯಾಲೆ ಕುಂತು ರೊಟ್ಟಿ ಬಡಿಯೋ ಹುಡುಗಿಗೆ "ದಪ್ಪ ಆತು, ದಪ್ಪ ಆತು" ಅಂತ ಒದರತಾಳ. ಹೋದ ಗಿರಾಕಿ ಬಂದಾರ, ಎಲ್ಲಾರೂ ಅಲ್ಲ.

ಮೈಸೂರು ಟೀಚರ್

ಓದಿ ಕಣ್ಣು ತುಂಬಿ ಬಂತು. ಅಕ್ಕನಿಗೆ ಇನ್ನೆರಡು ತಿಂಗಳು ಕೊಡ ಎತ್ತೋಕೆ ಬಿಡಬೇಡಿ.

ತರಲೆ ತಾತ

ಖಾನಾವಳಿ ಹಾವೇರಿಯಿಂದ ಯಾವ ಕಡೆಗಪ್ಪ? ಮುಂದಿನ ವಾರ ಆ ರಸ್ತೇಲೇ ಬರ್ತಿದೀನಿ.

ಜೂನಿಯರ್ ಕತ್ತರಿ

ಮುಂದಿನ ಎಂಆರ್‌ಐಗೆ ಹೋಗುವಾಗ ಹುಬ್ಬಳ್ಳಿಯ ಹಳೇ ಸಿಡಿ ತಗೊಂಡು ಹೋಗಿ. ರಿಪೋರ್ಟ್ ಕಾಗದ ಸಾಲದು, ಕೊಳವೆ ಎಷ್ಟು ಕುಗ್ಗಿದೆ ಅಂತ ಪಕ್ಕಪಕ್ಕ ಇಟ್ಟು ನೋಡಬೇಕು.